ನಿಂತ ಹೃದಯವೂ ಮಿದುಳಿನ ಚಿತ್ರವೂ



ಕೆಲವು ವರ್ಷಗಳ ಹಿಂದೆ ಮಾರ್ಚಿ ತಿಂಗಳಿನ ಒಂದು ಸಂಜೆ, ಮಕ್ಕಳೆಲ್ಲರೂ ಮನೆಗೆ ಹೊರಟುಹೋದ ಮೇಲೆ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಹಲಸೂರಿನವಳು, ಓದುತ್ತಿದ್ದ ಕಾಲದಲ್ಲಿ ಬಲು ಮಾತಿನವಳು. ಆ ದಿನ ಅವಳಿಗೆ ಮಾತೇ ಹೊರಡಲಿಲ್ಲ. ಕೈಯಲ್ಲಿ ಆಸ್ಪತ್ರೆಯ ದೊಡ್ಡ ಲಕೋಟೆಯೊಂದಿತ್ತು. ಎರಡು ದಿನಗಳ ಹಿಂದೆ ಅವಳ ತಂದೆಯವರು ಕೃಷ್ಣರಾಜಪುರದ ರೈಲ್ವೆ ನಿಲ್ದಾಣದ ಮೆಟ್ಟಿಲುಗಳ ಮೇಲೆ ಕುಸಿದುಬಿದ್ದಿದ್ದರು. ಹೃದಯವು ನಿಂತುಹೋಗಿತ್ತು. ಗುರುತಿಲ್ಲದ ತರುಣನೊಬ್ಬನು ಎದೆಯನ್ನು ಒತ್ತುತ್ತಲೇ ಇದ್ದನು. ಆಂಬುಲೆನ್ಸಿನವರು ಬಂದ ಮೇಲೆ ಹೃದಯವು ಪುನಃ ಬಡಿಯತೊಡಗಿತು. ಆದರೆ ಎಚ್ಚರವು ಮಾತ್ರ ಬಂದಿರಲಿಲ್ಲ.

"ಮಿಸ್, ಇದರಲ್ಲಿ ಅಪ್ಪನ ಮಿದುಳಿನ ಚಿತ್ರವಿದೆ. ಮೊದಲನೆಯ ರಾತ್ರಿ ನೋಡಿದ ಡಾಕ್ಟರು ಎಲ್ಲವೂ ಸರಿಯಾಗಿದೆ ಎಂದರು. ನಾವು ಸಂತೋಷಪಟ್ಟೆವು. ಈ ದಿನ ಇನ್ನೊಬ್ಬರು ಆಸೆ ಇಟ್ಟುಕೊಳ್ಳಬೇಡಿ, ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ. ದೊಡ್ಡಪ್ಪ ಹಾಗೆಯೇ ಮಾಡೋಣ ಎನ್ನುತ್ತಾರೆ. ಅಮ್ಮ ಒಡವೆ ಮಾರುತ್ತೇನೆ ಎನ್ನುತ್ತಾಳೆ. ಯಾರ ಮಾತನ್ನು ನಂಬಲಿ?" ಎಂದು ಕೇಳಿದಳು.

ನಾನು ವೈದ್ಯಳಲ್ಲ, ಮಕ್ಕಳಿಗೆ ವಿಜ್ಞಾನವನ್ನು ಪಾಠಹೇಳಿದವಳು ಅಷ್ಟೇ. ಆ ಹೊತ್ತಿಗೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಅನಂತರ ತಿಳಿದವರನ್ನು ಕೇಳಿ, ಓದಿ, ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂತಹ ಸಂಕಟವು ಯಾವ ಮನೆಗೆ ಯಾವಾಗ ಬರುವುದೋ ಹೇಳಲಾಗದು. ಬಂದಾಗ ಯೋಚಿಸಲು ಸಾವಕಾಶವಿರುವುದಿಲ್ಲ. ಆದುದರಿಂದ ಮುಂಚಿತವಾಗಿಯೇ ಅರಿತಿರುವುದು ಲೇಸು.

ಹೃದಯವು ನಿಂತಾಗ ಆಗುವುದೇನು?

ಮೊದಲು ಎರಡು ಮಾತುಗಳ ವ್ಯತ್ಯಾಸವನ್ನು ತಿಳಿಯತಕ್ಕದ್ದು. ಹೃದಯಕ್ಕೆ ರಕ್ತವನ್ನು ಕೊಡುವ ನಾಳವು ಮುಚ್ಚಿಹೋಗಿ, ಹೃದಯದ ಮಾಂಸಖಂಡದ ಒಂದು ಭಾಗವು ಕೆಡುವುದಕ್ಕೆ ಹೃದಯಾಘಾತವೆಂದು ಹೆಸರು. ಆಗ ರೋಗಿಯು ಎದೆನೋವೆಂದು ಹೇಳಬಲ್ಲನು, ಎಷ್ಟೋ ವೇಳೆ ನಡೆದೂ ಬರಬಲ್ಲನು. ಹೃದಯಸ್ತಂಭನವೆಂಬುದು ಬೇರೆ. ಅದರಲ್ಲಿ ಹೃದಯದ ಬಡಿತವೇ ನಿಂತುಹೋಗುವುದು, ಇಲ್ಲವೆ ರಕ್ತವನ್ನು ನೂಕಲಾರದಂತೆ ಬರಿದೇ ಅದುರುತ್ತಿರುವುದು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದುಂಟು. 2021ನೆಯ ಇಸವಿ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಈ ವಿಷಯವು ನಾಡಿನ ಮನೆಮನೆಯ ಮಾತಾಯಿತು. ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಎಂಬ ಯೋಜನೆಯನ್ನೂ ಸರ್ಕಾರವು ಜಾರಿಗೆ ತಂದಿತು.

ರಕ್ತದ ಸಂಚಾರವು ನಿಂತರೆ ಎಲ್ಲಕ್ಕಿಂತ ಮೊದಲು ಕಷ್ಟಕ್ಕೀಡಾಗುವುದು ಮಿದುಳು. ಮಿದುಳಿನ ತೂಕವು ಶರೀರದ ತೂಕದಲ್ಲಿ ನೂರಕ್ಕೆ 2 ಭಾಗ ಮಾತ್ರವೇ. ಆದರೆ ಶರೀರವು ಉಪಯೋಗಿಸುವ ಆಮ್ಲಜನಕದಲ್ಲಿ ಸುಮಾರು 20 ಭಾಗವನ್ನು ಅದೊಂದೇ ಬಳಸಿಕೊಳ್ಳುತ್ತದೆ. ಇಷ್ಟು ಖರ್ಚಿನ ಈ ಅಂಗಕ್ಕೆ ಕೂಡಿಟ್ಟ ದಾಸ್ತಾನೆಂಬುದೇ ಇಲ್ಲ. ರಕ್ತವು ನಿಂತ 10-20 ಸೆಕೆಂಡುಗಳಲ್ಲಿ ಎಚ್ಚರವು ತಪ್ಪುವುದು. ನಾಲ್ಕೈದು ನಿಮಿಷಗಳಾದ ಮೇಲೆ ನರಕೋಶಗಳು ಕೆಡಲಾರಂಭಿಸುವುವು.

ಕೆಡುವ ಬಗೆಯು ಹೀಗೆ: ಪ್ರತಿಯೊಂದು ನರಕೋಶವೂ ತನ್ನೊಳಗೆ ನುಗ್ಗುವ ಸೋಡಿಯಮನ್ನು ಹಗಲಿರುಳೂ ಹೊರಕ್ಕೆ ತಳ್ಳುತ್ತಿರಬೇಕು. ಈ ಕೆಲಸಕ್ಕೆ ಶಕ್ತಿ ಬೇಕು. ಶಕ್ತಿಯು ಮುಗಿದೊಡನೆ ಸೋಡಿಯಮ್ ಒಳಗೆ ತುಂಬಿಕೊಳ್ಳುವುದು, ಅದರ ಹಿಂದೆಯೇ ನೀರೂ ಬರುವುದು. ರಾತ್ರಿ ನೆನೆಯಿಟ್ಟ ಕಡಲೆಯು ಬೆಳಿಗ್ಗೆ ಊದಿಕೊಂಡಿರುವಂತೆ ಕೋಶಗಳು ಊದಿಕೊಳ್ಳುವುವು. ಈ ಊತವೇ ಮುಂದೆ ಚಿತ್ರಗಳಲ್ಲಿ ಕಾಣಿಸುವ ಮುಖ್ಯ ಗುರುತು. ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಿದುಳಿನ ಎಲ್ಲ ಭಾಗಗಳೂ ಒಂದೇ ಸಮನಾಗಿ ಕೆಡುವುದಿಲ್ಲ. ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗ, ಹೊರಗಿನ ಬೂದುಬಣ್ಣದ ಪದರ, ಆಳದಲ್ಲಿರುವ ಬೂದು ಗಂಟುಗಳು, ಹಿಂಭಾಗದ ಕಿರುಮಿದುಳಿನ ಕೆಲವು ಕೋಶಗಳು, ಇವು ಬಹಳ ಸುಕುಮಾರವಾದವು. ಉಸಿರಾಟವನ್ನು ನಡೆಸುವ ಮಿದುಳಿನ ಕಾಂಡವು ಹೆಚ್ಚು ಗಟ್ಟಿ. ಆದಕಾರಣವೇ ಉಸಿರಾಟವು ಸರಿಯಾಗಿದ್ದು, ಕಣ್ಣು ತೆರೆದಿದ್ದು, ಅರಿವು ಮಾತ್ರ ಇಲ್ಲದಿರುವ ಸ್ಥಿತಿಯು ಉಂಟಾಗಬಲ್ಲದು.

ಎರಡು ಬಗೆಯ ಚಿತ್ರಗಳು

ನಮ್ಮ ಊರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ಸಂಗ್ರಹಾಲಯವೊಂದಿದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಈ ನಿಮ್ಹಾನ್ಸ್ ಆಯಿತು. ಅಲ್ಲಿನ ಸಂಗ್ರಹಾಲಯದಲ್ಲಿ ನಿಜವಾದ ಮಾನವ ಮಿದುಳನ್ನು ಕೈಯಲ್ಲಿ ಹಿಡಿದು ನೋಡಲು ಅವಕಾಶ ಕೊಡುತ್ತಾರೆ. ನಮ್ಮ ಹುಡುಗಿಯರು ಅಲ್ಲಿಗೆ ಹೋದಾಗ ಮೊದಲು ಹಿಂಜರಿದರು. ಆಮೇಲೆ ಹಿಂದಕ್ಕೆ ಕೊಡಲು ಮನಸ್ಸಿಲ್ಲದೆ ನಿಂತರು. ಕೊಯ್ದ ಮಿದುಳನ್ನು ನೋಡಿದರೆ ಹೊರಗೆ ಬೂದುಬಣ್ಣದ ತೆಳ್ಳನೆಯ ಪದರವೂ ಒಳಗೆ ಬಿಳಿಯ ಭಾಗವೂ ಸ್ಪಷ್ಟವಾಗಿ ಕಾಣುತ್ತವೆ. ಬೂದು ಭಾಗದಲ್ಲಿ ನರಕೋಶಗಳಿವೆ, ಬಿಳಿಯ ಭಾಗದಲ್ಲಿ ಅವುಗಳ ತಂತುಗಳಿವೆ. ಚಿತ್ರವನ್ನು ನೋಡುವ ವೈದ್ಯರು ಮೊದಲು ಹುಡುಕುವುದು ಈ ಎರಡರ ನಡುವಿನ ಗೆರೆಯನ್ನೇ.

ಸಿ.ಟಿ. ಎಂಬುದು ಕ್ಷಕಿರಣಗಳಿಂದ ತೆಗೆಯುವ ಚಿತ್ರ. ಹೌನ್ಸ್‌ಫೀಲ್ಡ್ ಎಂಬ ಇಂಗ್ಲೆಂಡಿನ ಎಂಜಿನಿಯರು ಕಂಡುಹಿಡಿದ ಈ ಯಂತ್ರದಿಂದ 1971ರಲ್ಲಿ ಲಂಡನ್ನಿನಲ್ಲಿ ಮೊದಲನೆಯ ರೋಗಿಯ ಮಿದುಳನ್ನು ನೋಡಿದರು. ಆರೋಗ್ಯವಂತರ ಸಿ.ಟಿ.ಯಲ್ಲಿ ಬೂದು ಭಾಗವು ಬಿಳಿಯ ಭಾಗಕ್ಕಿಂತ ಸ್ವಲ್ಪ ಬೆಳ್ಳಗೆ ತೋರುವುದು. ಎರಡರ ಸಾಂದ್ರತೆಯನ್ನು ಅಳೆದು ಭಾಗಿಸಿದರೆ ಸುಮಾರು 1.3 ಎಂಬ ಸಂಖ್ಯೆಯು ಬರುವುದು. ಬೂದು ಭಾಗದ ಕೋಶಗಳು ನೀರಿನಿಂದ ಊದಿಕೊಂಡರೆ ಅದರ ಸಾಂದ್ರತೆಯು ಇಳಿದು, ಸಂಖ್ಯೆಯು 1ರ ಕಡೆಗೆ ಬರುತ್ತದೆ. ಗೆರೆಯು ಅಳಿಸಿಹೋಗುತ್ತದೆ, ಮಿದುಳಿನ ಮಡಿಕೆಗಳ ನಡುವಿನ ಸಂದುಗಳೂ ಮುಚ್ಚಿಹೋಗುತ್ತವೆ. ಇಡೀ ಮಿದುಳಿನಲ್ಲಿ ಹೀಗಾಗಿದ್ದರೆ ಅದು ಬಹಳ ಕೆಟ್ಟ ಸೂಚನೆ.

ಆದರೆ ಊತವು ಕಾಣಿಸಿಕೊಳ್ಳಲು ಕಾಲವು ಬೇಕು. ಮೊದಲನೆಯ ರಾತ್ರಿ ಸಿ.ಟಿ. ತೆಗೆಯುವುದು ಮುಖ್ಯವಾಗಿ ಮಿದುಳಿನಲ್ಲಿ ರಕ್ತಸ್ರಾವವಾಗಿ ಅದರಿಂದಲೇ ಹೃದಯವು ನಿಂತಿತೋ ಎಂದು ತಿಳಿಯುವುದಕ್ಕೆ. ಆಗ ಚಿತ್ರವು ಸರಿಯಾಗಿದ್ದಿತೆಂದರೆ ಮಿದುಳು ಕೆಟ್ಟಿಲ್ಲವೆಂದು ಅರ್ಥವಲ್ಲ. ನಮ್ಮ ವಿದ್ಯಾರ್ಥಿನಿಯ ಮನೆಯವರು ಸಂತೋಷಪಟ್ಟುದು ಈ ಭೇದವನ್ನು ಅವರಿಗೆ ಯಾರೂ ತಿಳಿಸದೆ ಇದ್ದುದರಿಂದ.

ಎಂ.ಆರ್.ಐ. ಎಂಬುದು ಅಯಸ್ಕಾಂತದ ಬಲದಿಂದ ತೆಗೆಯುವ ಚಿತ್ರ. ಇದಕ್ಕೆ ದಾರಿತೋರಿದ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿಗಳಿಗೆ 2003ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಇದರಲ್ಲಿ ಒಂದು ವಿಶೇಷ ಕ್ರಮವುಂಟು. ಅದು ಮಿದುಳಿನೊಳಗಿನ ನೀರಿನ ಕಣಗಳ ಓಡಾಟವನ್ನು ಅಳೆಯುತ್ತದೆ. ಶಾಲೆಯ ಆಟದ ಬಯಲಿನಲ್ಲಿ ಹುಡುಗಿಯರು ಇಷ್ಟಬಂದತ್ತ ಓಡುತ್ತಾರೆ. ಅದೇ ಹುಡುಗಿಯರು ಮಳೆ ಬಂದಾಗ ಇಕ್ಕಟ್ಟಾದ ಜಗಲಿಯಲ್ಲಿ ಸೇರಿದರೆ ಅಲುಗಾಡಲಾರರು. ಕೋಶಗಳು ಊದಿಕೊಂಡಾಗ ಅವುಗಳ ನಡುವಿನ ಬಯಲು ಕಿರಿದಾಗಿ ನೀರಿನ ಓಡಾಟವೂ ಹಾಗೆಯೇ ತಡೆಯುವುದು. ತಡೆದ ಜಾಗವು ಚಿತ್ರದಲ್ಲಿ ಬೆಳ್ಳಗೆ ಹೊಳೆಯುವುದು. ಎಷ್ಟು ಜಾಗವು ಹೊಳೆಯುತ್ತದೆ, ಯಾವ ಯಾವ ಭಾಗವು ಹೊಳೆಯುತ್ತದೆ ಎಂಬುದರಿಂದ ಗಾಯದ ವಿಸ್ತಾರವನ್ನು ವೈದ್ಯರು ಊಹಿಸುತ್ತಾರೆ.

ಈ ಚಿತ್ರಕ್ಕೂ ತಕ್ಕ ಕಾಲವುಂಟು. ಹೃದಯವು ನಿಂತ 2ನೆಯ ದಿನದಿಂದ 7ನೆಯ ದಿನದೊಳಗೆ ತೆಗೆದ ಚಿತ್ರವೇ ನಂಬತಕ್ಕದ್ದು. ಒಂದು ವಾರವು ಕಳೆದ ಮೇಲೆ ಸತ್ತ ಕೋಶಗಳು ಒಡೆದು ನೀರಿಗೆ ಪುನಃ ದಾರಿಯಾಗುವುದರಿಂದ, ಕೆಟ್ಟ ಜಾಗವೂ ಸರಿಯಾದ ಜಾಗದಂತೆ ತೋರುವ ಸಂಭವವಿದೆ. ಆದುದರಿಂದ ಚಿತ್ರದಲ್ಲಿ ಏನಿದೆ ಎಂದು ಕೇಳುವುದಕ್ಕಿಂತ ಮೊದಲು ಚಿತ್ರವನ್ನು ಯಾವ ದಿನ ತೆಗೆದರು ಎಂದು ಕೇಳಬೇಕು. ಇದಲ್ಲದೆ, ಉಸಿರಾಟದ ಯಂತ್ರದ ಮೇಲಿರುವ ರೋಗಿಯನ್ನು ಎಂ.ಆರ್.ಐ. ಕೋಣೆಗೆ ಸಾಗಿಸುವುದು ಸುಲಭವಲ್ಲ; ಕೆಲವರಿಗೆ ಶರೀರದಲ್ಲಿ ಅಳವಡಿಸಿದ ಲೋಹದ ಸಾಧನಗಳೂ ಅಡ್ಡಿಯಾಗುವುವು.

ಚಿತ್ರವೊಂದೇ ಸಾಕ್ಷಿಯಲ್ಲ

ನ್ಯಾಯಸ್ಥಾನದಲ್ಲಿ ಒಬ್ಬ ಸಾಕ್ಷಿಯ ಮಾತಿನಿಂದಲೇ ತೀರ್ಪು ಕೊಡಲು ನ್ಯಾಯಾಧೀಶರು ಹಿಂಜರಿಯುವರಷ್ಟೆ? ಇಲ್ಲಿಯೂ ಹಾಗೆಯೇ. ಯೂರೋಪಿನ ತಜ್ಞರು 2021ರಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ, ಹೃದಯವು ಪುನಃ ಬಡಿಯತೊಡಗಿ 72 ಗಂಟೆಗಳಾದ ಮೇಲೂ ಎಚ್ಚರವಿಲ್ಲದ ರೋಗಿಯಲ್ಲಿ, ಕೆಟ್ಟ ಸೂಚನೆಗಳು ಕಡಮೆಯೆಂದರೆ ಎರಡಾದರೂ ಕೂಡಿಬಂದಾಗ ಮಾತ್ರ ಚೇತರಿಕೆಯು ಸಂಭವವಲ್ಲವೆಂದು ಹೇಳಬಹುದು.

ಆ ಸೂಚನೆಗಳು ಯಾವುವೆಂದರೆ: ಎರಡೂ ಕಣ್ಣುಗಳ ಪಾಪೆಗಳು ಬೆಳಕಿಗೆ ಕಿರಿದಾಗದೆ, ಕಣ್ಣಿನ ಕರಿಗುಡ್ಡೆಯನ್ನು ಮುಟ್ಟಿದರೂ ರೆಪ್ಪೆಗಳು ಮಿಟುಕದೆ ಇರುವುದು, ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ತನ್ನು ಕೊಟ್ಟರೆ ಅದರ ಸುದ್ದಿಯು ಮಿದುಳಿನ ಎರಡು ಪಕ್ಕಗಳಿಗೂ ಮುಟ್ಟದಿರುವುದು, ಮಿದುಳಿನ ವಿದ್ಯುತ್ ಅಲೆಗಳನ್ನು ಬರೆಯುವ ಇ.ಇ.ಜಿ.ಯಲ್ಲಿ ಅಲೆಗಳು ಅಡಗಿಹೋಗಿರುವುದು. ಕೆಟ್ಟ ನರಕೋಶಗಳಿಂದ ರಕ್ತಕ್ಕೆ ಸೋರುವ ಒಂದು ಕಿಣ್ವವು 48 ಅಥವಾ 72 ಗಂಟೆಗಳ ಹೊತ್ತಿಗೆ ಬಹಳ ಹೆಚ್ಚಾಗಿರುವುದು. ಮೊದಲ ಮೂರು ದಿನಗಳಲ್ಲಿ ಮೈಯೆಲ್ಲ ಎಡೆಬಿಡದೆ ಜುಮುಕುತ್ತಿರುವುದು. ಕೊನೆಯದಾಗಿ, ಚಿತ್ರದಲ್ಲಿ ಗಾಯವು ಮಿದುಳಿನ ಉದ್ದಗಲಕ್ಕೂ ಹಬ್ಬಿರುವುದು. ಚಿತ್ರವು ಈ ಆರರಲ್ಲಿ ಒಂದು ಮಾತ್ರ. ಸೂಚನೆಗಳು ಒಂದಕ್ಕೊಂದು ವಿರೋಧವಾಗಿದ್ದರೆ ಕಾದು ನೋಡುವುದೇ ಧರ್ಮ. ವಾರವಲ್ಲ, ಹತ್ತು ದಿನಗಳ ಮೇಲೆ ಎಚ್ಚತ್ತವರೂ ಉಂಟು.

72 ಗಂಟೆಗಳೆಂದು ಏತಕ್ಕೆ ಹೇಳಿದರು? ರೋಗಿಗೆ ನಿದ್ರೆಯ ಔಷಧಗಳನ್ನು ಕೊಟ್ಟಿರುತ್ತಾರೆ. ಮೂತ್ರಪಿಂಡಗಳು ಸೊರಗಿದ್ದರೆ ಆ ಔಷಧಗಳು ಶರೀರದಿಂದ ಬೇಗ ಹೊರಬೀಳುವುದಿಲ್ಲ. ಔಷಧದ ನಿದ್ರೆಯನ್ನು ಮಿದುಳಿನ ಮರಣವೆಂದು ಎಣಿಸುವ ತಪ್ಪಿಗೆ ಇದರಿಂದ ಎಡೆಯಾಗುವುದು.

ಇನ್ನೊಂದು ದೊಡ್ಡ ತೊಡಕನ್ನು ವೈದ್ಯರೇ ಒಪ್ಪಿಕೊಂಡಿದ್ದಾರೆ. ಒಬ್ಬ ರೋಗಿಯು ಬದುಕಲಾರನೆಂದು ಚಿತ್ರವನ್ನು ನೋಡಿ ಹೇಳಿದರು, ಆ ಮಾತನ್ನು ನಂಬಿ ಯಂತ್ರವನ್ನು ತೆಗೆದರು, ರೋಗಿಯು ತೀರಿಕೊಂಡನು. ಭವಿಷ್ಯವು ನಿಜವಾಯಿತೆಂದು ಪುಸ್ತಕದಲ್ಲಿ ಬರೆದರು. ನಿಜವಾದುದು ಚಿತ್ರದ ಬಲದಿಂದಲೋ, ಯಂತ್ರವನ್ನು ತೆಗೆದುದರಿಂದಲೋ? ಪರೀಕ್ಷೆಗೆ ಕೂರಿಸದೆಯೇ ಹುಡುಗಿಯನ್ನು ದಡ್ಡಿಯೆಂದು ಕರೆದು, ಅವಳು ತೇರ್ಗಡೆಯಾಗಲಿಲ್ಲವೆಂದು ಎತ್ತಿ ತೋರಿಸಿದಂತೆ ಇದು. ಆದಕಾರಣ ಈಗಿನ ತಜ್ಞರು ಕೆಟ್ಟ ಸೂಚನೆಗಳನ್ನು ಹುಡುಕುವುದರೊಡನೆ ಒಳ್ಳೆಯ ಸೂಚನೆಗಳನ್ನೂ ಹುಡುಕಬೇಕೆನ್ನುತ್ತಾರೆ. ತಕ್ಕ ದಿನಗಳಲ್ಲಿ ತೆಗೆದ ಎಂ.ಆರ್.ಐ.ಯಲ್ಲಿ ಹೊಳೆಯುವ ಜಾಗವೇ ಇಲ್ಲದಿದ್ದರೆ ಅದು ಒಳ್ಳೆಯ ಸೂಚನೆಗಳಲ್ಲಿ ಒಂದು.

ಹಳದೀಪುರದ ಅರುಣಾ

ಈ ವಿಷಯವನ್ನು ಬರೆಯುವಾಗ ನಮ್ಮ ನಾಡಿನ ಒಬ್ಬ ಹೆಣ್ಣುಮಗಳನ್ನು ನೆನೆಯದೆ ಮುಂದೆ ಹೋಗಲಾರೆ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬನು ಆಕೆಯ ಮೇಲೆ ಅತ್ಯಾಚಾರ ನಡೆಸಿ, ನಾಯಿಯ ಸರಪಳಿಯಿಂದ ಕೊರಳನ್ನು ಬಿಗಿದನು. ಆಕೆಯ ಹೃದಯವು ರೋಗದಿಂದ ನಿಂತುದಲ್ಲ. ಆದರೆ ಮಿದುಳಿಗೆ ಆಮ್ಲಜನಕವು ತಪ್ಪಿಹೋಗಿ ಆದ ಗಾಯವು ಇದೇ ಜಾತಿಯದು. ಆ ಕಾಲಕ್ಕೆ ಸಿ.ಟಿ. ಯಂತ್ರವು ಜಗತ್ತಿಗೇ ಹೊಸದು, ಎಂ.ಆರ್.ಐ. ಇನ್ನೂ ಬಳಕೆಗೆ ಬಂದಿರಲಿಲ್ಲ. ಮುಂದೇನಾಗುವುದೆಂದು ಹೇಳಬಲ್ಲ ಚಿತ್ರವೇ ಇರಲಿಲ್ಲ.

ಅರುಣಾ ಅವರು ಆ ಸ್ಥಿತಿಯಲ್ಲಿಯೇ 41 ವರ್ಷಗಳಿಗೂ ಹೆಚ್ಚುಕಾಲ ಇದ್ದರು. ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಆಕೆಯನ್ನು ತಮ್ಮವಳೆಂದು ನೋಡಿಕೊಂಡರು. ಅಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಮೈಯಲ್ಲಿ ಹಾಸಿಗೆಹುಣ್ಣು ಆಗಗೊಡಲಿಲ್ಲ. ಆಕೆಗೆ ಬಲವಂತವಾಗಿ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿಯವರು ಸರ್ವೋಚ್ಚ ನ್ಯಾಯಾಲಯವನ್ನು ಬೇಡಿದರು. ನ್ಯಾಯಾಲಯವು ಮೂವರು ವೈದ್ಯರನ್ನು ಕಳುಹಿಸಿ ಪರೀಕ್ಷೆಮಾಡಿಸಿ, 2011ರ ಮಾರ್ಚ್ 7ರಂದು ಆ ಬೇಡಿಕೆಯನ್ನು ತಳ್ಳಿಹಾಕಿತು. ಆದರೆ ತಕ್ಕ ಕಟ್ಟುಪಾಡುಗಳೊಡನೆ, ವ್ಯರ್ಥವಾದ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದು ಅದೇ ತೀರ್ಪಿನಲ್ಲಿ ಮೊದಲ ಬಾರಿಗೆ ಒಪ್ಪಿತು. ಅರುಣಾ ಅವರು 2015ರ ಮೇ 18ರಂದು ತೀರಿಕೊಂಡರು.

ಈ ದಾರಿಯಲ್ಲಿಯೇ ಮುಂದೆ 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿಯಿತು. 2023ರ ಜನವರಿಯಲ್ಲಿ ಕ್ರಮಗಳನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು 2025ರ ಜನವರಿ 30ರಂದು ಇದನ್ನು ಆಚರಣೆಗೆ ತರುವ ಸುತ್ತೋಲೆಯನ್ನು ಹೊರಡಿಸಿತು. ಇದಕ್ಕಾಗಿ ಬಹಳ ವರ್ಷಗಳಿಂದ ಹೋರಾಡಿದವರಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರೂ ಒಬ್ಬರು. ಈಗ ಚಿಕಿತ್ಸೆಯನ್ನು ನಿಲ್ಲಿಸಬೇಕಾದರೆ ಆಸ್ಪತ್ರೆಯ ಮೂವರು ವೈದ್ಯರ ಒಂದು ಮಂಡಲಿಯೂ, ಬೇರೆ ಮೂವರ ಇನ್ನೊಂದು ಮಂಡಲಿಯೂ ಒಪ್ಪಬೇಕು. ಮನೆಯವರ ಸಮ್ಮತಿಯೂ ಬೇಕು. ಓಣಿಯಲ್ಲಿ ನಿಂತು ಒಬ್ಬರು ಹೇಳಿದ ಮಾತಿನಿಂದ ಆಗತಕ್ಕ ಕೆಲಸವಲ್ಲ ಇದು.

ಮಿದುಳಿನ ಮರಣವು ಇದಕ್ಕಿಂತ ಬೇರೆ. ಅದರಲ್ಲಿ ಮಿದುಳಿನ ಕಾಂಡವೂ ಸತ್ತಿರುತ್ತದೆ, ಯಂತ್ರವಿಲ್ಲದೆ ಉಸಿರೇ ಇಲ್ಲ. 1994ರ ಅಂಗಾಂಗ ಕಸಿ ಕಾಯಿದೆಯಂತೆ ನಾಲ್ವರು ವೈದ್ಯರು 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಹಾಸಿಗೆಯ ಬಳಿಯಲ್ಲಿಯೇ ಪರೀಕ್ಷಿಸಿ ಇದನ್ನು ದೃಢಪಡಿಸಬೇಕು. 2021ರ ಜೂನ್ ತಿಂಗಳಿನಲ್ಲಿ ರಸ್ತೆಯ ಅಪಘಾತದಿಂದ ನಟ ಸಂಚಾರಿ ವಿಜಯ್ ಅವರಿಗೆ ಹೀಗಾದಾಗ ಅವರ ಮನೆಯವರು ಅಂಗಾಂಗಗಳನ್ನು ದಾನಮಾಡಿದುದು ಹಲವರಿಗೆ ನೆನಪಿರಬಹುದು.

ಕೇಳತಕ್ಕ ಪ್ರಶ್ನೆಗಳು

ಆ ಸಂಜೆ ಉತ್ತರ ತಿಳಿಯದಿದ್ದರೂ ನಾನು ವಿದ್ಯಾರ್ಥಿನಿಯೊಡನೆ ಆಸ್ಪತ್ರೆಗೆ ಹೋದೆನು. ಅಲ್ಲಿನ ಹಿರಿಯ ವೈದ್ಯರೊಬ್ಬರು ನಮ್ಮನ್ನು ಕುಳ್ಳಿರಿಸಿ ಮಾತನಾಡಿದರು. ನಿದ್ರೆಯ ಔಷಧವು ಇನ್ನೂ ನಡೆಯುತ್ತಿತ್ತು, ಎರಡೇ ದಿನಗಳಾಗಿದ್ದುವು. ಆಸೆಯಿಲ್ಲವೆನ್ನಲೂ, ಇದೆಯೆನ್ನಲೂ ಆಗ ಯಾರಿಗೂ ಸಾಧ್ಯವಿರಲಿಲ್ಲವೆಂದು ಅವರು ಒಪ್ಪಿಕೊಂಡರು. ನಾಲ್ಕನೆಯ ದಿನ ಎಂ.ಆರ್.ಐ. ಮತ್ತು ಇ.ಇ.ಜಿ. ಆಯಿತು. ಗಾಯವು ಹಬ್ಬಿರಲಿಲ್ಲ, ಅಲೆಗಳು ಇದ್ದುವು. ಎಂಟನೆಯ ದಿನ ಮಧ್ಯಾಹ್ನ ಮಗಳು ಕರೆದಾಗ ತಂದೆಯವರು ಕಣ್ಣು ತೆರೆದು ಅವಳ ಕಡೆಗೆ ಮುಖ ತಿರುಗಿಸಿದರು.

ಈಗ ಅವರು ಮನೆಯಲ್ಲಿದ್ದಾರೆ. ಹಳೆಯ ಸಂಗತಿಗಳೆಲ್ಲವೂ ನೆನಪಿನಲ್ಲಿವೆ; ಬೆಳಿಗ್ಗೆ ತಿಂದ ತಿಂಡಿಯು ಸಂಜೆಗೆ ನೆನಪಿರುವುದಿಲ್ಲ. ಹಿಪೊಕ್ಯಾಂಪಸಿನ ಸೌಕುಮಾರ್ಯವನ್ನು ಮೇಲೆ ಹೇಳಿದೆನಷ್ಟೆ. ಮಗಳು ಸಣ್ಣ ಪುಸ್ತಕವೊಂದನ್ನು ಅವರ ಜೇಬಿನಲ್ಲಿಟ್ಟಿದ್ದಾಳೆ. ಹಲಸೂರು ಕೆರೆಯ ಬಳಿ ಅವರು ನಡೆದಾಡುವುದನ್ನು ನಾನು ಕಂಡಿದ್ದೇನೆ. ನನ್ನ ಹೆಸರನ್ನು ಪ್ರತಿಸಾರಿಯೂ ಪುಸ್ತಕದಲ್ಲಿ ನೋಡಿ ನಮಸ್ಕರಿಸುತ್ತಾರೆ. ಎಲ್ಲರ ಮನೆಯಲ್ಲಿಯೂ ಹೀಗೆಯೇ ಆಗುವುದೆಂದು ನಾನು ಹೇಳಲಾರೆ. ಹೃದಯವು ನಿಂತ ಹೆಚ್ಚಿನವರು ಬದುಕುವುದಿಲ್ಲ. ಎಲ್ಲ ಸೂಚನೆಗಳೂ ಒಂದೇ ಕಡೆಗೆ ಬೆರಳು ತೋರಿಸಿದಾಗ ಅದನ್ನು ಒಪ್ಪಿಕೊಂಡು, ನೋವಿಲ್ಲದಂತೆ ನೋಡಿಕೊಳ್ಳುವುದೂ ಪ್ರೀತಿಯ ಕೆಲಸವೇ.

ಇಂತಹ ಕಾಲವು ಬಂದರೆ ಮನೆಯವರು ವೈದ್ಯರನ್ನು ಐದು ಪ್ರಶ್ನೆಗಳನ್ನು ಕೇಳಲಿ. ಎದೆಯನ್ನು ಒತ್ತಲು ಆರಂಭಿಸುವ ಮೊದಲು ಎಷ್ಟು ನಿಮಿಷಗಳು ಕಳೆದುವು? ನಿದ್ರೆಯ ಔಷಧವು ಶರೀರದಿಂದ ಪೂರ್ಣವಾಗಿ ಇಳಿದಿದೆಯೇ? ಈ ಚಿತ್ರವನ್ನು ಎಷ್ಟನೆಯ ದಿನ ತೆಗೆದರು? ಚಿತ್ರವು ಹೇಳುವುದನ್ನು ಬೇರೆ ಯಾವ ಪರೀಕ್ಷೆಯು ಒಪ್ಪುತ್ತದೆ? ಒಪ್ಪದಿದ್ದರೆ ಎಷ್ಟು ದಿನ ಕಾಯಬಹುದು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಕಡೆಗೆ ಒಂದು ಮಾತು. ಆ ತಂದೆಯವರ ಚಿತ್ರವು ಚೆನ್ನಾಗಿದ್ದುದಕ್ಕೆ ಯಂತ್ರವು ಕಾರಣವಲ್ಲ. ರೈಲ್ವೆ ನಿಲ್ದಾಣದ ಮೆಟ್ಟಿಲ ಮೇಲೆ ಮಂಡಿಯೂರಿದ ಆ ತರುಣನ ಎರಡು ಕೈಗಳು ಕಾರಣ. ಯಾರಾದರೂ ಕುಸಿದುಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ, 108 ಅಥವಾ 112ಕ್ಕೆ ಫೋನು ಮಾಡಿಸಿ, ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, 5-6 ಸೆಂಟಿಮೀಟರು ಆಳಕ್ಕೆ, ಸಹಾಯವು ಬರುವ ತನಕ ಒತ್ತುತ್ತಿರಬೇಕು. ನಮ್ಮ ಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳ ಹುಡುಗಿಯರಿಗೆ ಇದನ್ನು ಬೊಂಬೆಯ ಮೇಲೆ ಕಲಿಸುತ್ತಿದ್ದೇವೆ. ಮೊನ್ನೆ ಅವರಿಗೆ ಕಲಿಸಲು ಬಂದವರಲ್ಲಿ ಆ ಹಲಸೂರಿನ ವಿದ್ಯಾರ್ಥಿನಿಯೂ ಇದ್ದಳು. ಹಳೆಯ ವಿದ್ಯಾರ್ಥಿನಿಯರೂ ತಾಯಂದಿರೂ ಶನಿವಾರ ಬೆಳಿಗ್ಗೆ ಬಂದು ಕಲಿತುಕೊಳ್ಳಬಹುದು. ಬರುವವರು ಮುಂಚಿತವಾಗಿ ಶಾಲೆಯ ಕಛೇರಿಗೆ ತಿಳಿಸಿದರೆ ಸಾಕು.